ಮನೆಯಲ್ಲೇ ಮಾಡಿದ ಶಾಟ್ ಟೈಮರ್ ತಪ್ಪು ಲೆಕ್ಕ ಹೇಳುತ್ತಿದೆಯೇ? ದೋಷ ಹುಡುಕುವ ದಾರಿ

ಶೂಟಿಂಗ್ ಅಭ್ಯಾಸದಲ್ಲಿ ಸಮಯ ಅಳೆಯುವ ಶಾಟ್ ಟೈಮರ್‌ನ ಕೆಲಸ ನೋಡೋಕೆ ಚಿಕ್ಕದು. ಬಟನ್ ಒತ್ತಿದ ಮೇಲೆ 2ರಿಂದ 5 ಸೆಕೆಂಡಿನೊಳಗೆ ಯಾವಾಗಲೋ ಒಮ್ಮೆ ಬೀಪ್ ಅನ್ನಬೇಕು. ಆಮೇಲೆ ಒಂದೊಂದು ಗುಂಡಿನ ಸದ್ದು ಕೇಳಿದಾಗಲೂ, ಬೀಪ್ ಆಗಿ ಎಷ್ಟು ಹೊತ್ತಾಯಿತು ಅಂತ ಬರೆದಿಟ್ಟುಕೊಳ್ಳಬೇಕು. ಒಂದು ಆರ್ಡುಯಿನೋ ಊನೋ ಅಥವಾ ನ್ಯಾನೋ (ಕೋಡ್ ಹಾಕಿ ನಡೆಸುವ ಪುಟ್ಟ ಎಂಟು ಬಿಟ್ ಬೋರ್ಡ್), ಒಂದು ಮೈಕ್ ಮಾಡ್ಯೂಲ್, ಬಜರ್, ಪುಟ್ಟ ಡಿಸ್‌ಪ್ಲೇ, ಒಂದು ಬಟನ್. ಇಷ್ಟಿದ್ದರೆ ಒಂದು ಸಂಜೆಯಲ್ಲಿ ಜೋಡಿಸಿ ಮುಗಿಸಬಹುದು.

ತೊಂದರೆ ಶುರುವಾಗುವುದು ಮಾರನೇ ದಿನ. ಐದು ಗುಂಡು ಹಾರಿಸಿದರೆ ಒಂಬತ್ತು ಅನ್ನುತ್ತದೆ. ಇನ್ನೊಮ್ಮೆ ಮೂರೇ ಅನ್ನುತ್ತದೆ. ಕೈ ಅಲುಗಾಡಿಸುವ ಮೊದಲೇ 0.02 ಸೆಕೆಂಡಿಗೆ ಮೊದಲ ಗುಂಡು ಹಾರಿತು ಅಂತ ತೋರಿಸುತ್ತದೆ.

ನಾನು ಇಂಥ ಟೈಮರ್‌ಗಳನ್ನು ಬೇರೆ ಬೇರೆ ಮೈಕ್ ಹಾಕಿ ಮಾಡಿದ್ದೇನೆ. ಪ್ರತಿ ಸಲವೂ ತಪ್ಪು ಬಂದ ತಕ್ಷಣ ಕೋಡ್ ತೆರೆದು ಕೂತೆ. ಹೆಚ್ಚಿನ ಸಲ ತಪ್ಪು ಇದ್ದದ್ದು ಕೋಡ್‌ನಲ್ಲಿ ಅಲ್ಲ, ಕಿವಿಯಲ್ಲಿ. ಮೈಕ್ ಜಾಸ್ತಿ ಕೇಳಿಸಿಕೊಳ್ಳುತ್ತಿತ್ತು. ಹಾಗಾಗಿ ಈ ಕೈಪಿಡಿ ಹೋಗುವ ಕ್ರಮವೂ ಹಾಗೇ ಇದೆ: ಮೊದಲು ಕಿವಿ, ಆಮೇಲೆ ಗಡಿಯಾರ, ಕೊನೆಗೆ ಉಳಿದದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲಿಗೆ ಬಂದೂಕು ಬೇಕಿಲ್ಲ. ಚಪ್ಪಾಳೆ ಸಾಕು, ಇಲ್ಲವೇ ಎರಡು ಮರದ ತುಂಡು ತಟ್ಟಿದರೆ ಸಾಕು. ನಿಜವಾದ ಗುಂಡಿನ ಪರೀಕ್ಷೆ ಶೂಟಿಂಗ್ ರೇಂಜ್‌ನಲ್ಲೇ ಆಗಬೇಕು, ಕಿವಿಗೂ ಕಣ್ಣಿಗೂ ರಕ್ಷಣೆ ಹಾಕಿಕೊಂಡು. ಸ್ಕ್ರೂ ತಿರುಗಿಸಬೇಕು ಅನಿಸಿದರೆ ಮೊದಲು ಬಂದೂಕು ಖಾಲಿ ಮಾಡಿ ಕೆಳಗಿಡಿ. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈಯಲ್ಲಿ ಬಂದೂಕು ಯಾವತ್ತೂ ಬೇಡ.

ಮೊದಲು ಮೈಕ್ ಏನು ಹೇಳುತ್ತಿದೆ ನೋಡಿ

ನಿಮ್ಮ ಟೈಮರ್ ಕೋಡ್ ಪಕ್ಕಕ್ಕಿಡಿ. ಮೈಕ್ ಜೋಡಿಸಿದ ಎ0 ಪಿನ್ ಓದಿ, ಅದು ಕೊಡುವ 0ರಿಂದ 1023ರೊಳಗಿನ ಸಂಖ್ಯೆಯನ್ನು, ಅಂಕಿಯನ್ನು ಗೆರೆಯಾಗಿ ಕಂಪ್ಯೂಟರ್‌ನಲ್ಲಿ ತೋರಿಸುವ ಸೀರಿಯಲ್ ಪ್ಲಾಟರ್‌ಗೆ ಕಳಿಸುವ ನಾಲ್ಕು ಸಾಲಿನ ಕೋಡ್ ಹಾಕಿ. ಸುತ್ತ ಸದ್ದಿಲ್ಲದಾಗ ಗೆರೆ ಒಂದೇ ಕಡೆ ನಿಲ್ಲಬೇಕು. ಮ್ಯಾಕ್ಸ್4466 ಮಾಡ್ಯೂಲ್‌ಗೆ 5 ವೋಲ್ಟ್ ಕೊಟ್ಟಿದ್ದರೆ ಅದು 512ರ ಆಸುಪಾಸು ನಿಲ್ಲುತ್ತದೆ. 3.3 ವೋಲ್ಟ್ ಕೊಟ್ಟಿದ್ದರೆ 338ರ ಹತ್ತಿರ. ಮ್ಯಾಕ್ಸ್9814 ಆದರೆ ಅದರ ಔಟ್‌ಪುಟ್ ಸುಮಾರು 1.25 ವೋಲ್ಟ್‌ನಲ್ಲಿ ಕೂತಿರುತ್ತದೆ, ಅಂದರೆ 256ರ ಹತ್ತಿರ.

ಗೆರೆ 0ಗೆ ಅಥವಾ 1023ಕ್ಕೆ ಅಂಟಿಕೊಂಡಿದ್ದರೆ ವೈರ್ ನೋಡಿ, ಮುಖ್ಯವಾಗಿ ಗ್ರೌಂಡ್ ವೈರ್. ಗೆರೆ ಗುರಿಯಿಲ್ಲದೆ ಅಲೆಯುತ್ತಿದ್ದರೆ ಪಿನ್‌ಗೆ ಏನೂ ತಾಗಿಲ್ಲ ಅಂತ ಅರ್ಥ. ಇದು ಮೋಸ ಮಾಡುವ ದೋಷ. ತಾಗದ ಪಿನ್ ಹತ್ತಿರ ಕೈ ತಂದರೆ ಸಂಖ್ಯೆ ಕುಣಿಯುತ್ತದೆ, ನಾವು ಮೈಕ್ ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತೇವೆ. ಮೈಕಿನ ರಂಧ್ರದ ಮೇಲೆ ಬೆರಳಿಟ್ಟು ಚಪ್ಪಾಳೆ ಹೊಡೆಸಿ ನೋಡಿ. ಆಗಲೂ ಅಷ್ಟೇ ಕುಣಿದರೆ ಅದು ಸದ್ದಲ್ಲ. ಬ್ರೆಡ್‌ಬೋರ್ಡ್‌ನ ಸಡಿಲ ಜಂಪರ್ ಇಲ್ಲೇ ಸಿಕ್ಕಿಬೀಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸೀರಿಯಲ್ ವೇಗ 9600 ಇಟ್ಟುಕೊಂಡು ಈ ಪರೀಕ್ಷೆ ಮಾಡಬೇಡಿ. ಆ ವೇಗದಲ್ಲಿ ಒಂದು ಅಕ್ಷರ ಹೋಗಲು 1 ಮಿಲಿಸೆಕೆಂಡು ಬೇಕು. ಮೂರಂಕಿಯ ಸಂಖ್ಯೆ, ಸಾಲಿನ ಕೊನೆ, ಎಲ್ಲ ಸೇರಿ 5 ಮಿಲಿಸೆಕೆಂಡು. ಗುಂಡಿನ ಸದ್ದಿನ ಮುಖ್ಯ ಹೊಡೆತ ಮುಗಿಯುವುದೇ ಕೆಲವೇ ಮಿಲಿಸೆಕೆಂಡಿನಲ್ಲಿ. ನೀವು ಕಣ್ಣು ಮಿಟುಕಿಸಿದಾಗಲೇ ಅದು ಬಂದು ಹೋಗಿರುತ್ತದೆ. ವೇಗ 115200 ಇಡಿ. ಪ್ರತಿ ಓದನ್ನೂ ಕಳಿಸುವ ಬದಲು, 50 ಮಿಲಿಸೆಕೆಂಡಿನಲ್ಲಿ ಸಿಕ್ಕ ದೊಡ್ಡ ಸಂಖ್ಯೆ ಮತ್ತು ಚಿಕ್ಕ ಸಂಖ್ಯೆಯ ವ್ಯತ್ಯಾಸ ಮಾತ್ರ ಕಳಿಸಿ. ಆ ಒಂದು ಅಂಕಿ ಇದ್ದರೆ ಅರ್ಧ ರೋಗ ಪತ್ತೆಯಾದ ಹಾಗೆ.

ಒಂದು ಗುಂಡಿಗೆ ಎರಡು, ಮೂರು ಲೆಕ್ಕ

ಇದು ಎಲ್ಲರಿಗೂ ಬರುವ ದೋಷ. ಎಷ್ಟು ಅಂಕಿ ದಾಟಿದರೆ ಗುಂಡು ಅಂತ ಕೋಡ್‌ನಲ್ಲಿ ಇಟ್ಟ ಮಿತಿಯನ್ನು ಸುಮ್ನೆ ಏರಿಸಿ ಮುಗಿಸಬೇಡಿ. ಮೊದಲು ನಿಜವಾದ ಗುಂಡಿಗೂ ಸುಳ್ಳು ಗುಂಡಿಗೂ ನಡುವೆ ಎಷ್ಟು ಅಂತರ ಬಂದಿದೆ ಅಂತ ಬರೆದುಕೊಳ್ಳಿ. ಕಾರಣ ಏನು ಅಂತ ಆ ಅಂತರವೇ ಹೇಳುತ್ತದೆ.

5 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ಅದು ಅದೇ ಸದ್ದು. ಅಲೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮತ್ತೆ ಮೇಲೆ ಹೋಗುತ್ತದೆ. ಪ್ರತಿ ಸಲ ಮಿತಿ ದಾಟಿದಾಗಲೂ ಕೋಡ್ ಒಂದೊಂದು ಗುಂಡು ಅಂತ ಎಣಿಸುತ್ತಿದೆ. ಒಂದು ಗುಂಡು ಎಣಿಸಿದ ಮೇಲೆ ಸ್ವಲ್ಪ ಹೊತ್ತು ಏನನ್ನೂ ಎಣಿಸದ ಹಾಗೆ ಕೋಡ್‌ನಲ್ಲಿ ಬಿಡುವು ಕೊಡಬೇಕು, ಅದು ಕೊಟ್ಟಿಲ್ಲ ಅಷ್ಟೇ.

ಅಂತರ 20ರಿಂದ 100 ಮಿಲಿಸೆಕೆಂಡು ಇದ್ದರೆ ಪ್ರತಿಧ್ವನಿಯ ಮೇಲೆ ಅನುಮಾನ ಪಡಿ. ಸದ್ದು ಸಾಮಾನ್ಯ ಹವೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂತರವನ್ನು ಸೆಕೆಂಡಿನಲ್ಲಿ ಬರೆದು 343ರಿಂದ ಗುಣಿಸಿ ಅರ್ಧ ಮಾಡಿ. ಗೋಡೆ ಎಷ್ಟು ದೂರದಲ್ಲಿದೆ ಅಂತ ಸಿಗುತ್ತದೆ.

ನನ್ನ ಎರಡನೇ ಟೈಮರ್‌ನಲ್ಲಿ ಪ್ರತಿ ಗುಂಡಿನ ಹಿಂದೆ 0.06 ಸೆಕೆಂಡಿಗೆ ಸರಿಯಾಗಿ ಇನ್ನೊಂದು ಬರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಅಷ್ಟು ಕರಾರುವಾಕ್ಕಾಗಿ ಬರುತ್ತಿದೆ ಅಂದರೆ ಕೋಡ್‌ನದ್ದೇ ತಪ್ಪು ಅಂದುಕೊಂಡು ಎರಡು ಸಂಜೆ ಕಳೆದೆ. ಕೊನೆಗೆ ಲೆಕ್ಕ ಹಾಕಿದೆ: 0.06 ಸಲ 343, ಅದರಲ್ಲಿ ಅರ್ಧ, 10 ಮೀಟರ್ ಚಿಲ್ಲರೆ. ತಲೆ ಎತ್ತಿ ನೋಡಿದರೆ ಎದುರಿನ ಗೋಡೆ ಅಷ್ಟೇ ದೂರದಲ್ಲಿತ್ತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಹಾರಿಸಿದಾಗ ಅಂತರ 0.04ಕ್ಕೆ ಇಳಿಯಿತು. ಅಲ್ಲಿಗೆ ಅನುಮಾನ ಮುಗಿಯಿತು.

ಈ ಪರೀಕ್ಷೆ ಮರೆಯಬೇಡಿ: ಜಾಗ ಬದಲಿಸಿ. ಅಂತರ ಬದಲಾದರೆ ಪ್ರತಿಧ್ವನಿ. ಎಲ್ಲಿ ನಿಂತರೂ ಅಂತರ ಒಂದೇ ಇದ್ದರೆ ತಪ್ಪು ಪೆಟ್ಟಿಗೆಯ ಒಳಗೇ ಇದೆ. ಗುಂಡು ಎಣಿಸಿದ ಕೂಡಲೇ ಎಲ್‌ಇಡಿ ಹೊತ್ತಿಸುತ್ತೀರಿ, ಡಿಸ್‌ಪ್ಲೇ ಬರೆಯುತ್ತೀರಿ, ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ, ಅದನ್ನೇ ಮೈಕ್ ಲೈನ್ ಸದ್ದು ಅಂತ ತೋರಿಸುತ್ತದೆ. ಡಿಸ್‌ಪ್ಲೇ ಕಿತ್ತು ಸೀರಿಯಲ್‌ನಲ್ಲಿ ಮಾತ್ರ ನೋಡಿ. ಸುಳ್ಳು ಗುಂಡು ನಿಂತರೆ ಮೈಕ್ ಮಾಡ್ಯೂಲ್‌ನ ಪಿನ್‌ಗಳ ಬುಡದಲ್ಲೇ ಒಂದು 0.1 ಮೈಕ್ರೋಫ್ಯಾರಡ್ ಮತ್ತು ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ಇನ್ನು ಬಿಡುವಿನ ಅವಧಿ. ನಾನು 80 ಮಿಲಿಸೆಕೆಂಡಿನಿಂದ ಶುರು ಮಾಡುತ್ತೇನೆ. ಗೋಡೆ ದೂರದಲ್ಲಿದ್ದು ಪ್ರತಿಧ್ವನಿ ತಡವಾಗಿ ಬಂದರೆ 100. ಅದಕ್ಕಿಂತ ಮೇಲೆ ಹೋಗುವುದು ನನಗೆ ಇಷ್ಟವಿಲ್ಲ. ಪಳಗಿದ ಕೈ ಎರಡು ಗುಂಡುಗಳ ನಡುವೆ 0.15 ಸೆಕೆಂಡು ತೆಗೆದುಕೊಳ್ಳುವುದುಂಟು. ಬಿಡುವು 200 ಇಟ್ಟರೆ ಎರಡನೇ ಗುಂಡನ್ನು ಟೈಮರ್ ನುಂಗಿಬಿಡುತ್ತದೆ.

ಬಿಡುವು ಕೊಟ್ಟ ಮೇಲೂ ಗುಂಡು ನಾಪತ್ತೆ ಆಗುತ್ತಿದ್ದರೆ ಇದನ್ನು ನೋಡಿ. ಮಿತಿ ದಾಟಿದ ಪ್ರತಿ ಓದಿಗೂ ಬಿಡುವು ಹೊಸದಾಗಿ ಶುರುವಾಗುವ ಹಾಗೆ ಕೋಡ್ ಬರೆದಿದ್ದೀರಾ? ಮುಚ್ಚಿದ ರೇಂಜ್‌ನಲ್ಲಿ ಸದ್ದು ಗುಂಯ್ ಅಂತ ಬಹಳ ಹೊತ್ತು ಉಳಿಯುತ್ತದೆ. ಬಿಡುವು ಮುಗಿಯುವುದೇ ಇಲ್ಲ. ಎಣಿಸಿದ ಗುಂಡಿನ ಮೊದಲ ಕ್ಷಣದಿಂದ ಮಾತ್ರ ಬಿಡುವು ಲೆಕ್ಕ ಹಾಕಿ.

ಪಕ್ಕದವರ ಗುಂಡು ನಿಮ್ಮ ಲೆಕ್ಕಕ್ಕೆ

ಎಲ್ಲರೂ ಮಿತಿಯನ್ನು 600, 700, 900 ಅಂತ ಏರಿಸುತ್ತಾ ಹೋಗುತ್ತಾರೆ. 1000ಕ್ಕೆ ಬಂದರೂ ಪಕ್ಕದವರ ಗುಂಡು ಬರುತ್ತಲೇ ಇರುತ್ತದೆ. ಯಾಕೆ ಅಂತ ಅಂಕಿಯಲ್ಲೇ ನೋಡೋಣ.

ನಿಮ್ಮ ಬಂದೂಕು ಮೈಕಿನಿಂದ 1 ಮೀಟರ್, ಪಕ್ಕದವರದ್ದು 4 ಮೀಟರ್ ದೂರ ಅಂದುಕೊಳ್ಳಿ. ದೂರ ಎರಡು ಪಟ್ಟಾದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಾಲ್ಕು ಪಟ್ಟಾದರೆ 12 ಡೆಸಿಬಲ್. ಅಂದರೆ ಅಲೆಯ ಎತ್ತರ ಕಾಲು ಭಾಗ. ನಿಮ್ಮ ಗುಂಡಿಗೆ 512ರಿಂದ ಮೇಲೆ 400 ಏರಿದರೆ ಅವರದ್ದಕ್ಕೆ 100 ಏರಬೇಕು. ಮಿತಿಯನ್ನು ನಡುವೆ, 512ರಿಂದ ಮೇಲೆ 250ರಲ್ಲಿ ಇಟ್ಟರೆ ಮುಗಿಯಿತು, ಅಲ್ವಾ?

ಆದರೆ ಗೇನ್, ಅಂದರೆ ಮಾಡ್ಯೂಲ್ ಸದ್ದನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, ಜಾಸ್ತಿ ಇದ್ದಾಗ ಹಾಗೆ ಆಗುವುದಿಲ್ಲ. ನಿಮ್ಮದು 5000 ಏರಬೇಕಿತ್ತು, ಅವರದ್ದು 1250 ಏರಬೇಕಿತ್ತು. ಎರಡೂ 1023ಕ್ಕೆ ತಲೆ ತಾಗಿಸಿ ನಿಂತುಬಿಡುತ್ತವೆ. ಮಿತಿ ಎಲ್ಲಿಟ್ಟರೂ ಎರಡೂ ದಾಟುತ್ತವೆ. ಹಾಗಾಗಿ ಇಲ್ಲಿ ಮಿತಿ ಏರಿಸಿ ಉಪಯೋಗವಿಲ್ಲ. ಮೈಕನ್ನು ಕಿವುಡು ಮಾಡಬೇಕು.

ಮ್ಯಾಕ್ಸ್4466 ಮಾಡ್ಯೂಲ್‌ನ ಹಿಂದೆ ಪುಟ್ಟ ಸ್ಕ್ರೂ ಇದೆ. ಗೇನ್ 25 ಪಟ್ಟಿನಿಂದ 125 ಪಟ್ಟಿನವರೆಗೆ ಬದಲಾಗುತ್ತದೆ. ಅದನ್ನು ಪೂರ್ತಿ ಕೆಳಗಿಳಿಸಿ. ಅಷ್ಟು ಸಾಕಾಗದೆ ಇರಬಹುದು. ಬಂದೂಕಿನ ಸದ್ದು ಹತ್ತಿರದಲ್ಲಿ 140 ಡೆಸಿಬಲ್ ದಾಟುತ್ತದೆ. ಮಾಮೂಲಿ ಎಲೆಕ್ಟ್ರೆಟ್ ಮೈಕ್ ಅದಕ್ಕೆ ಎಷ್ಟೋ ಮೊದಲೇ ತತ್ತರಿಸುತ್ತದೆ. ಆಗ ಮೈಕಿನ ರಂಧ್ರದ ಮೇಲೆ ತೆಳು ಸ್ಪಾಂಜ್ ಇಟ್ಟು ಮೇಲೊಂದು ಟೇಪ್ ಅಂಟಿಸಿ. ಒಂದು ಪದರ, ನೋಡಿ, ಇನ್ನೊಂದು ಪದರ. ನಿಮ್ಮ ಗುಂಡು 900ರ ಆಸುಪಾಸು ಬಂದು ನಿಲ್ಲುವವರೆಗೆ ಹೀಗೇ ಮಾಡಿ. ತಲೆ ತಾಗಬಾರದು. ಇದು ಇಡೀ ಟೈಮರ್‌ನಲ್ಲಿ ಅತಿ ಮುಖ್ಯವಾದ ಹೊಂದಾಣಿಕೆ ಅಂತ ನಾನು ನಂಬಿದ್ದೇನೆ. ಇದು ಸರಿಯಾದ ದಿನ ಬೇರೆ ಎರಡು ಮೂರು ದೋಷಗಳೂ ತಾವಾಗೇ ಹೋಗುತ್ತವೆ.

ಏರ್‌ಗನ್ ಬಳಸುವವರಿಗೆ ಇದರ ಉಲ್ಟಾ. ಅವರಿಗೆ ಗೇನ್ ಬೇಕು. ಜೊತೆಗೆ ಮುಂದೆ ಹೇಳುವ ಬಜರ್ ತೊಂದರೆಯನ್ನೂ ಅವರು ಕೋಡ್‌ನಲ್ಲೇ ನಿಭಾಯಿಸಬೇಕು.

ಹಾರಿಸಿದ ಗುಂಡು ಲೆಕ್ಕಕ್ಕೇ ಬರುವುದಿಲ್ಲ

ಮೊದಲ ಗುಂಡು ಸಿಗುತ್ತದೆ, ಬೆನ್ನಿಗೇ ಬಂದ ಎರಡನೆಯದು ಸಿಗುವುದಿಲ್ಲ. ಇದಕ್ಕೆ ಎರಡು ಕಾರಣ.

ಮ್ಯಾಕ್ಸ್9814 ಹಾಕಿದ್ದರೆ ಮೊದಲು ಅದನ್ನೇ ಹಿಡಿಯಿರಿ. ಅದರಲ್ಲಿ ಗೇನ್ ತಾನಾಗೇ ಏರಿಳಿಯುತ್ತದೆ. ದೊಡ್ಡ ಸದ್ದು ಬಂದ ಕೂಡಲೇ ಗೇನ್ ಇಳಿಸಿಕೊಳ್ಳುತ್ತದೆ, ನಿಧಾನವಾಗಿ ಮತ್ತೆ ಏರಿಸುತ್ತದೆ. ಮಾತು ರೆಕಾರ್ಡ್ ಮಾಡಲು ಅದು ಒಳ್ಳೆಯ ಮೈಕ್. ಈ ಕೆಲಸಕ್ಕೆ ಬೇಡ. ಬದಲಿಸಿಬಿಡಿ.

ಮೈಕ್ ಬೇರೆ ಇದ್ದರೆ ಕೋಡ್ ಎಲ್ಲಿ ನಿಂತುಕೊಳ್ಳುತ್ತಿದೆ ನೋಡಿ. ಆರ್ಡುಯಿನೋ ಊನೋದಲ್ಲಿ ಒಂದು ಅನಲಾಗ್ ಓದಿಗೆ ಸುಮಾರು 0.1 ಮಿಲಿಸೆಕೆಂಡು ಬೇಕು. ಅಂದರೆ ಸೆಕೆಂಡಿಗೆ ಒಂಬತ್ತು ಸಾವಿರದ ಮೇಲೆ. ಗುಂಡು ಹಿಡಿಯಲು ಇದು ಧಾರಾಳ. ಆದರೆ ಅದೇ ಲೂಪ್‌ನಲ್ಲಿ 128 ಸಲ 64ರ ಓಎಲ್‌ಇಡಿ ಡಿಸ್‌ಪ್ಲೇ ಬರೆದರೆ? ಒಂದು ಪೂರ್ತಿ ಚಿತ್ರಕ್ಕೆ 1024 ಬೈಟ್ ಕಳಿಸಬೇಕು. ಡಿಸ್‌ಪ್ಲೇಗೆ ಅಂಕಿ ಕಳಿಸುವ ಐ2ಸಿ ಲೈನಿನ ವೇಗ 100 ಕಿಲೋಹರ್ಟ್ಸ್ ಇದ್ದರೆ 0.1 ಸೆಕೆಂಡು ಹತ್ತಿರ ಹೋಗುತ್ತದೆ. 400ಕ್ಕೆ ಏರಿಸಿದರೂ 25 ಮಿಲಿಸೆಕೆಂಡು. ಅಷ್ಟು ಹೊತ್ತು ಟೈಮರ್‌ಗೆ ಕಿವಿಯೇ ಇಲ್ಲ.

ಗುಂಡು ಹಾರುತ್ತಿರುವಾಗ ಡಿಸ್‌ಪ್ಲೇ ಮುಟ್ಟಬೇಡಿ. ಸಮಯಗಳನ್ನು ಅರೇಯಲ್ಲಿ (ಕೋಡ್‌ನಲ್ಲಿ ಅಂಕಿಗಳನ್ನು ಸಾಲಾಗಿ ಇಡುವ ಜಾಗ) ಇಟ್ಟುಕೊಳ್ಳಿ, ಕೊನೆಯ ಗುಂಡಾಗಿ ಎರಡು ಮೂರು ಸೆಕೆಂಡು ಮೌನವಾದ ಮೇಲೆ ಬರೆಯಿರಿ. ಓಡುವ ಅಂಕಿ ನೋಡಲು ಚೆಂದ, ಆದರೆ ಹಾರಿಸುವವರು ಆ ಹೊತ್ತಿನಲ್ಲಿ ಅದನ್ನು ನೋಡುವುದೂ ಇಲ್ಲ, ನೋಡಲೂಬಾರದು. ಲೂಪ್ ಒಳಗೆ ಡಿಲೇ ಅನ್ನುವ ಪದ ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ.

ಬೀಪ್ ಆದ ಕೂಡಲೇ ಸುಳ್ಳು ಗುಂಡು

0.00ರಿಂದ 0.05ರ ಒಳಗೆ ಮೊದಲ ಗುಂಡು ಬಂದರೆ ಟೈಮರ್ ತನ್ನ ಬಜರನ್ನೇ ಕೇಳಿಸಿಕೊಂಡಿದೆ. ಇನ್ನೂ ಸರಿಯಾಗಿ ತಿಳಿಯಬೇಕಾದರೆ ಮೈಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ. ಸುಳ್ಳು ಗುಂಡು ಹೋದರೆ ಸದ್ದು ಗಾಳಿಯಲ್ಲಿ ಬರುತ್ತಿತ್ತು. ಹೋಗದಿದ್ದರೆ ವೈರಿನಲ್ಲಿ ಬರುತ್ತಿದೆ: ಬಜರ್ ಎಳೆದುಕೊಳ್ಳುವ ಕರೆಂಟ್ ಮೈಕಿನ ವೋಲ್ಟೇಜನ್ನು ಕೆಡಿಸುತ್ತಿದೆ. ಬಜರನ್ನು ನೇರವಾಗಿ ಪಿನ್‌ಗೆ ಕೊಡಬೇಡಿ, ಬಿಸಿ547ನಂಥ ಟ್ರಾನ್ಸಿಸ್ಟರ್ ಮೂಲಕ ಕೊಡಿ. ಪಿನ್‌ನಿಂದ 20 ಮಿಲಿಆಂಪಿಯರ್‌ಗಿಂತ ಜಾಸ್ತಿ ಎಳೆಯದಿರುವುದು ಒಳ್ಳೆಯದು, 40 ಅದರ ಕಟ್ಟಕಡೆಯ ಮಿತಿ.

ಗಾಳಿಯಲ್ಲಿ ಬರುತ್ತಿದ್ದರೆ, ಗೇನ್ ಇನ್ನೂ ಜಾಸ್ತಿ ಇದೆ ಅಂತಲೇ ಅರ್ಥ. ಗುಂಡಿಗೆ ಹೊಂದಿಸಿದ ಮೈಕಿಗೆ ಬಜರ್ ಸದ್ದು ಲೆಕ್ಕಕ್ಕೇ ಸಿಗಬಾರದು. ಏರ್‌ಗನ್‌ನವರು ಮಾತ್ರ ಬೀಪ್ ನಡೆಯುವಷ್ಟು ಹೊತ್ತು ಮತ್ತು ಆಮೇಲೆ ಒಂದು 30 ಮಿಲಿಸೆಕೆಂಡು ಎಣಿಕೆ ನಿಲ್ಲಿಸಲಿ. ಬೀಪ್ ಚಿಕ್ಕದಿರಲಿ, 0.2 ಸೆಕೆಂಡು ಸಾಕು.

ಇಲ್ಲೇ ಪಕ್ಕದಲ್ಲಿ ಇನ್ನೊಂದು ದೋಷ ಅಡಗಿರುತ್ತದೆ. ಇದು ಬಹಳ ದಿನ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಂಕಿಗಳು ಖುಷಿ ಕೊಡುತ್ತವೆ. ಮೊದಲ ಗುಂಡಿನ ಸಮಯ ಯಾವಾಗಲೂ 0.3 ಸೆಕೆಂಡು ಕಡಿಮೆ ಬರುತ್ತದೆ, ಗುಂಡುಗಳ ನಡುವಿನ ಅಂತರ ಮಾತ್ರ ಸರಿಯಿರುತ್ತದೆ. ಕೋಡ್ ನೋಡಿ: ಬಜರ್ ಆನ್, 300 ಡಿಲೇ, ಬಜರ್ ಆಫ್, ಆಮೇಲೆ ಆರಂಭದ ಸಮಯ ಬರೆದುಕೊಳ್ಳುವುದು. ಹಾರಿಸುವವರು ಬೀಪ್ ಶುರುವಾದಾಗಲೇ ಕೈ ಎತ್ತುತ್ತಾರೆ, ಮುಗಿಯಲಿ ಅಂತ ಕಾಯುವುದಿಲ್ಲ. ಆರಂಭದ ಸಮಯವನ್ನು ಬಜರ್ ಆನ್ ಮಾಡುವ ಸಾಲಿನ ಪಕ್ಕದಲ್ಲೇ ಬರೆದುಕೊಳ್ಳಿ. ಬಜರ್ ಆಫ್ ಮಾಡುವ ಕೆಲಸ ಲೂಪ್‌ನಲ್ಲಿ ಸಮಯ ನೋಡಿಕೊಂಡು ಆಗಲಿ.

ಗಡಿಯಾರದ ತಪ್ಪುಗಳು

32 ಸೆಕೆಂಡು ದಾಟಿದ ಮೇಲೆ ಸಮಯ ಮೈನಸ್ ಆಯಿತೇ? ಮಿಲಿಸೆಕೆಂಡನ್ನು ಇಂಟ್ ಅನ್ನುವ ಚಿಕ್ಕ ಬಗೆಯ ವೇರಿಯಬಲ್‌ನಲ್ಲಿ ಇಟ್ಟಿದ್ದೀರಿ. ಊನೋದಲ್ಲಿ ಇಂಟ್ 32767ಕ್ಕೆ ಮುಗಿಯುತ್ತದೆ. ಸಮಯ ಇಡುವ ಎಲ್ಲ ಕಡೆಯೂ ಅನ್‌ಸೈನ್ಡ್ ಲಾಂಗ್ ಬೇಕು. ಮೈಕ್ರೋಸೆಕೆಂಡು ಎಣಿಸುವ ಮೈಕ್ರೋಸ್ ಎಣಿಕೆ ಸುಮಾರು 71 ನಿಮಿಷಕ್ಕೊಮ್ಮೆ ಸೊನ್ನೆಗೆ ತಿರುಗುತ್ತದೆ. ಈಗಿನ ಸಮಯದಿಂದ ಆರಂಭದ ಸಮಯ ಕಳೆಯುವ ರೀತಿಯಲ್ಲೇ ಲೆಕ್ಕ ಮಾಡಿದರೆ ಅದರಿಂದ ಏನೂ ತೊಂದರೆಯಿಲ್ಲ.

ಎಲ್‌ಎಂ393 ಇರುವ ಸೌಂಡ್ ಮಾಡ್ಯೂಲ್‌ನ ಡಿಜಿಟಲ್ ಪಿನ್ ಬಳಸಿ ಇಂಟರಪ್ಟ್‌ನಲ್ಲಿ (ಸದ್ದು ಬಂದ ಕೂಡಲೇ ನಡೆಯುತ್ತಿರುವ ಕೋಡ್ ತಡೆದು ಓಡುವ ತುಂಡು ಕೋಡ್) ಸಮಯ ಹಿಡಿಯುವವರಿಗೆ ಬೇರೆ ದೋಷ ಬರುತ್ತದೆ. ನೂರರಲ್ಲಿ ಒಂದು ಸಲ ಅರ್ಥವಿಲ್ಲದ ಅಂಕಿ. ಎಂಟು ಬಿಟ್‌ನ ಚಿಪ್ ನಾಲ್ಕು ಬೈಟ್ ಸಂಖ್ಯೆಯನ್ನು ಒಂದೊಂದೇ ಬೈಟ್‌ ಆಗಿ ಓದುತ್ತದೆ. ಓದುವ ನಡುವೆ ಗುಂಡು ಹಾರಿದರೆ ಅರ್ಧ ಹಳೆಯ ಸಂಖ್ಯೆ, ಅರ್ಧ ಹೊಸದು. ಆ ವೇರಿಯಬಲ್‌ಗೆ ವೊಲಟೈಲ್ ಅನ್ನುವ ಪದ ಹಾಕಿ. ಇಂಟರಪ್ಟ್ ನಿಲ್ಲಿಸಿ, ಸಂಖ್ಯೆಯನ್ನು ಬೇರೆ ಕಡೆ ನಕಲು ಮಾಡಿಕೊಂಡು, ಮತ್ತೆ ಬಿಡಿ.

ಹತ್ತು ಗುಂಡಿನವರೆಗೆ ಸರಿ, ಹನ್ನೊಂದನೆಯದಕ್ಕೆ ಟೈಮರ್ ಹುಚ್ಚು ಹಿಡಿದ ಹಾಗೆ ಆಡಿದರೆ ಅರೇಯ ಉದ್ದ ನೋಡಿ. ಬೋರ್ಡ್ ಆನ್ ಮಾಡಿದಾಗಲೆಲ್ಲ ಬೀಪ್‌ಗೆ ಮುಂಚಿನ ಕಾಯುವಿಕೆ ಅದದೇ ಕ್ರಮದಲ್ಲಿ ಬಂದರೆ ರ‍್ಯಾಂಡಮ್‌ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಎಲ್ಲಿಂದ ಶುರುವಾಗಬೇಕು ಅನ್ನುವ ಅಂಕಿ) ಕೊಟ್ಟಿಲ್ಲ. ಬಟನ್ ಒತ್ತಿದ ಕ್ಷಣದ ಮೈಕ್ರೋಸ್ ಅಂಕಿಯನ್ನೇ ಅದಕ್ಕೆ ಕೊಡಿ, ಅದಕ್ಕಿಂತ ಒಳ್ಳೆಯದು ಬೇಡ.

ಉಳಿದದ್ದು

ಬೀಪ್ ಆದಾಗ ಬೋರ್ಡ್ ರೀಸೆಟ್ ಆದರೆ ಬ್ಯಾಟರಿ. ಚಿಕ್ಕ ಚೌಕದ 9 ವೋಲ್ಟ್ ಬ್ಯಾಟರಿ ಇಂಥ ಕೆಲಸಕ್ಕೆ ದುರ್ಬಲ. ನಾಲ್ಕು ಎಎ ರೀಚಾರ್ಜ್ ಸೆಲ್ ಅಥವಾ ಪವರ್ ಬ್ಯಾಂಕ್ ಹಾಕಿ. ಎಲ್‌ಸಿಡಿ ಬೆಳಗಿದರೂ ಅಕ್ಷರ ಕಾಣದಿದ್ದರೆ ಹಿಂದಿನ ನೀಲಿ ಪಾಟ್ (ಅಕ್ಷರದ ಗಾಢತೆ ಹೊಂದಿಸುವ ಸ್ಕ್ರೂ) ತಿರುಗಿಸಿ. ಆಗಲೂ ಇಲ್ಲದಿದ್ದರೆ ಡಿಸ್‌ಪ್ಲೇಯ ಐ2ಸಿ ವಿಳಾಸ 0ಎಕ್ಸ್27 ಬದಲು 0ಎಕ್ಸ್3ಎಫ್ ಇರಬಹುದು. ಬಟನ್ ಒಮ್ಮೆ ಒತ್ತಿದರೆ ಶುರುವಾಗಿ ಕೂಡಲೇ ನಿಂತರೆ 30 ಮಿಲಿಸೆಕೆಂಡಿನ ಡಿಬೌನ್ಸ್ ಹಾಕಿ, ಅಂದರೆ ಒಂದು ಒತ್ತಿನ ಬೆನ್ನಿಗೇ ಬರುವ ಅದುರನ್ನು ಅಷ್ಟು ಹೊತ್ತು ಎಣಿಸಬೇಡಿ. ಬಟನ್‌ನ ಟಿಕ್ ಸದ್ದೇ ಗುಂಡಾಗಿ ಬಂದರೆ ಮೈಕನ್ನು ಪೆಟ್ಟಿಗೆಗೆ ಅಂಟಿಸಿದ್ದೀರಿ, ನಡುವೆ ಸ್ಪಾಂಜ್ ಇಡಿ.

ಎಲ್ಲ ಸರಿಯಾದ ಮೇಲೆ ಒಂದು ತಾಳೆ ನೋಡಬೇಕು. ಟೈಮರ್ ಪಕ್ಕದಲ್ಲೇ ಫೋನ್ ಇಟ್ಟು ಸದ್ದು ರೆಕಾರ್ಡ್ ಮಾಡಿ. ಬೀಪ್ ಬರಲಿ, ಮರದ ತುಂಡು ಐದು ಸಲ ತಟ್ಟಿ. ಸದ್ದು ಸಾಲದಿದ್ದರೆ ಆ ಹೊತ್ತಿಗೆ ಮೈಕಿನ ಟೇಪ್ ತೆಗೆಯಿರಿ. ಆ ಫೈಲನ್ನು ಸದ್ದಿನ ಅಲೆ ತೋರಿಸುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಬೀಪ್ ಶುರುವಾದ ಜಾಗ, ಪ್ರತಿ ಪೆಟ್ಟಿನ ಜಾಗ ಕಣ್ಣಿಗೆ ಕಾಣುತ್ತದೆ. ಟೈಮರ್ ಹೇಳಿದ್ದಕ್ಕೂ ಅದಕ್ಕೂ 0.01 ಸೆಕೆಂಡಿನೊಳಗೆ ಹೊಂದಬೇಕು. ಎಲ್ಲ ಅಂಕಿಯೂ ಒಂದೇ ಅಳತೆಯಲ್ಲಿ ಸರಿದಿದ್ದರೆ ಆರಂಭದ ಸಾಲಿನ ತಪ್ಪು. ಸಮಯ ಹೋದ ಹಾಗೆ ವ್ಯತ್ಯಾಸ ಬೆಳೆಯುತ್ತಾ ಹೋದರೆ ಬೋರ್ಡ್‌ನ ಗಡಿಯಾರಕ್ಕೆ ತಾಳ ಕೊಡುವ ಸೆರಾಮಿಕ್ ರೆಸೊನೇಟರ್ ಕಾರಣ. ಅದು ಅರ್ಧ ಶೇಕಡಾವರೆಗೆ ತಪ್ಪಬಹುದು, ಅಂದರೆ 10 ಸೆಕೆಂಡಿಗೆ 0.05. ನಿಮ್ಮ ಬೋರ್ಡ್ ಎಷ್ಟು ತಪ್ಪುತ್ತದೆ ಅಂತ ಅಳೆದು, ಆ ಗುಣಕವನ್ನು ಕೋಡ್‌ನಲ್ಲೇ ಸೇರಿಸಿ.

ತೆಗೆದ ಟೇಪನ್ನು ಮತ್ತೆ ಅಂಟಿಸಿ. ಗೇನ್ ಸ್ಕ್ರೂ ಅಲುಗದ ಹಾಗೆ ಅದರ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿ. ಮಿತಿ ಎಷ್ಟು, ಬಿಡುವು ಎಷ್ಟು, ಟೇಪ್ ಎಷ್ಟು ಪದರ ಅಂತ ಮುಚ್ಚಳದ ಒಳಗೆ ಬರೆದಿಡಿ.